ಸಮುದ್ರವೇ ಕಾಣದ ದಾವಣಗೆರೆಯಲ್ಲಿ ಕೂತು ನೋಡಿದರೆ ‘ಘೋಸ್ಟ್ ಶಿಪ್’ ಹೆದರಿಸುತ್ತಾ?

ನಾನೂ ದಾವಣಗೆರೆಯವನೇ, ಅದಕ್ಕೇ ಉತ್ತರ ಬರೆಯುತ್ತಿದ್ದೇನೆ. ಹೆದರಿಸುತ್ತೆ. ಆದರೆ ದೆವ್ವ ಬಂದಾಗಲ್ಲ, ಬರೋಕೆ ಮುಂಚೆ.

2002ರ ಸಿನಿಮಾ ಇದು, ನಿರ್ದೇಶಕ ಸ್ಟೀವ್ ಬೆಕ್. ಇದು ಹೆಸರಾಗಿರುವುದೇ ಮೊದಲ ಸೀನ್‌ನಿಂದ. 1962. ಆಂಟೋನಿಯಾ ಗ್ರಾಜಾ ಅನ್ನೋ ಇಟಲಿಯ ದೊಡ್ಡ ಹಡಗು. ಡೆಕ್ ಮೇಲೆ ಹಾಡು, ಡ್ಯಾನ್ಸ್. ಬಿಗಿದಿದ್ದ ಉಕ್ಕಿನ ತಂತಿಯೊಂದು ಕಿತ್ತು ಬಂದು ಅಷ್ಟೂ ಜನರ ನಡುವೆ ಹಾದುಹೋಗುತ್ತೆ. ಎಲ್ಲರೂ ನಿಂತೇ ಇರುತ್ತಾರೆ. ಏನೂ ಆಗಲಿಲ್ಲವೇನೋ ಅನಿಸುತ್ತೆ. ಆಮೇಲೆ ಒಬ್ಬೊಬ್ಬರೇ ಎರಡು ತುಂಡಾಗಿ ಬೀಳುತ್ತಾರೆ. ಆ ಡೆಕ್ ಮೇಲೆ ಉಳಿಯುವುದು ಕೇಟಿ ಅನ್ನೋ ಹುಡುಗಿ ಮಾತ್ರ, ಕುಳ್ಳಗಿದ್ದಳು ಅಂತ. ಊಟ ಮಾಡ್ತಾ ನೋಡಬೇಡಿ.

ಅಲ್ಲಿಂದ ನಲವತ್ತು ವರ್ಷ ಮುಂದೆ. ಬೇರಿಂಗ್ ಸಮುದ್ರದಲ್ಲಿ ಅದೇ ಹಡಗು ತೇಲುತ್ತಿದೆ, ಒಳಗೆ ಯಾರೂ ಇಲ್ಲ. ಎಳೆದು ತಂದರೆ ದುಡ್ಡಾಗುತ್ತೆ ಅಂತ ಒಂದು ತಂಡ ಹತ್ತುತ್ತೆ. ನನಗೆ ನಿಜವಾಗಿ ಭಯವಾಗಿದ್ದು ಇಲ್ಲೇ. ನಮ್ಮೂರಲ್ಲಿ ಮುಚ್ಚಿಹೋದ ಕಾಟನ್ ಮಿಲ್ಲುಗಳ ಪಕ್ಕ ಸಂಜೆ ಹೊತ್ತು ನಡೆದಿದ್ದೀರಾ? ಸಾವಿರಾರು ಜನ ಶಿಫ್ಟ್ ಮಾಡಿದ ಜಾಗ, ಈಗ ಪಾರಿವಾಳದ ರೆಕ್ಕೆ ಸದ್ದು ಬಿಟ್ಟರೆ ಏನಿಲ್ಲ. ಆ ಹಡಗಿನ ಖಾಲಿ ಈಜುಕೊಳ, ತುಕ್ಕು ಹಿಡಿದ ಉದ್ದುದ್ದ ಓಣಿಗಳೂ ಹಾಗೇ. ಇದಕ್ಕೆ ಸಮುದ್ರ ನೋಡಿರಬೇಕು ಅಂತೇನಿಲ್ಲ.

ಚಿನ್ನದ ಗಟ್ಟಿ ಸಿಕ್ಕಮೇಲೆ ಸಿನಿಮಾ ಸಡಿಲವಾಗುತ್ತೆ. ದೆವ್ವಗಳು ಬಂದು ಹಳೇ ಕಥೆಯನ್ನೆಲ್ಲ ಬಿಡಿಸಿ ಹೇಳಿಬಿಡುತ್ತವೆ. ಬಿಡಿಸಿ ಹೇಳಿದ ಮೇಲೆ ಭಯ ಎಲ್ಲಿ ಉಳಿಯುತ್ತೆ?

ಇನ್ನೊಂದು ವಿಷಯ. ಸಿನಿಮಾದವರು ‘ಸಿಕ್ಕವರಿಗೇ ಸೊತ್ತು’ ಅನ್ನೋ ಹಾಗೆ ಹಿಗ್ಗುತ್ತಾರೆ. ನಿಜದಲ್ಲಿ ಅಷ್ಟು ಸಲೀಸಲ್ಲ. 1872ರ ಡಿಸೆಂಬರ್‌ನಲ್ಲಿ ಅಟ್ಲಾಂಟಿಕ್‌ನಲ್ಲಿ ‘ಮೇರಿ ಸೆಲೆಸ್ಟ್’ ಅನ್ನೋ ಹಡಗು ಜನರೇ ಇಲ್ಲದೆ ಸಿಕ್ಕಿತು. ಕ್ಯಾಪ್ಟನ್, ಅವನ ಹೆಂಡತಿ, ಎರಡು ವರ್ಷದ ಮಗಳು, ಏಳು ಜನ ಸಿಬ್ಬಂದಿ, ಯಾರ ಸುಳಿವೂ ಇಲ್ಲ. ಇದ್ದೊಂದು ದೋಣಿಯೂ ಇರಲಿಲ್ಲ. ಅದನ್ನು ಜಿಬ್ರಾಲ್ಟರ್‌ಗೆ ತಂದವರ ಮೇಲೇ ಅನುಮಾನ ಬಂತು, ಕೋರ್ಟು ಕೊಟ್ಟ ಇನಾಮೂ ಕಡಿಮೆಯೇ. ಪಾಪ, ಅಲ್ವಾ?

ಹಿಂದಿಯಲ್ಲಿ ಬೇಕಿದ್ದರೆ 2020ರ ‘ಭೂತ್’ ಇದೆ, ವಿಕ್ಕಿ ಕೌಶಲ್‌ದು. ಮುಂಬೈನ ಜುಹೂ ಬೀಚಿಗೆ ಬಂದು ನಿಲ್ಲುವ ಖಾಲಿ ಹಡಗಿನ ಕಥೆ. 2011ರಲ್ಲಿ ‘ವಿಸ್ಡಮ್’ ಅನ್ನೋ ಹಡಗು ನಿಜವಾಗಲೂ ಹಾಗೆ ಬಂದು ಸಿಕ್ಕಿಹಾಕಿಕೊಂಡಿತ್ತು. ಕೊಲಂಬೊದಿಂದ ಗುಜರಾತಿನ ಅಲಂಗ್‌ಗೆ ಒಡೆಯಲು ಎಳೆದೊಯ್ಯುವಾಗ ಹಗ್ಗ ಕಿತ್ತಿತ್ತು, ಅಷ್ಟೇ. ದೆವ್ವ ಗಿವ್ವ ಏನಿಲ್ಲ.

ಎರಡರಲ್ಲಿ ಒಂದೇ ನೋಡೋದಾದರೆ ‘ಘೋಸ್ಟ್ ಶಿಪ್’ ನೋಡಿ. ಒಂದೂವರೆ ಗಂಟೆಯಷ್ಟೇ. ಮಕ್ಕಳು ಮಲಗಿದ ಮೇಲೆ ಹಾಕಿ.