ಜೂನ್-ಜುಲೈ ಬಿಡುವಿದೆ, ಆರೋವಿಲ್‌ನಲ್ಲಿ ಸ್ವಯಂಸೇವೆ ಮಾಡಲೋ, ಇಂಟರ್ನ್‌ಶಿಪ್ ಮಾಡಲೋ?

ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ ಮುಗಿಯಿತು, ಎರಡು ತಿಂಗಳು ಬಿಡುವಿದೆ, ದೇಶವಿದೇಶದ ಜನ ಒಟ್ಟಾಗಿ ಕಟ್ಟಿಕೊಂಡ ಊರಾದ ಆರೋವಿಲ್‌ಗೆ ಹೋಗಿ ಗಿಡ ನೆಡಬೇಕು, ಜೊತೆಗೆ ಕಾಲೇಜಿಗೆ ಕೊಡಲು ಸರ್ಟಿಫಿಕೇಟೂ ಬೇಕು ಅಂತ ಕೇಳಿದ್ದೀರಿ. ಮೊದಲು ತಿಂಗಳ ವಿಷಯ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಜೂನ್-ಜುಲೈ ಅಲ್ಲಿ ಗಿಡ ನೆಡುವ ಕಾಲವಲ್ಲ.

ನಮಗೆ ಆರಿದ್ರಾ ಮಳೆ ಹಿಡಿದರೆ ಸಸಿ ಇಡುವುದು ರೂಢಿ. ಆರೋವಿಲ್ ಇರುವುದು ತಮಿಳುನಾಡಿನ ವಿಳುಪ್ಪುರಂ ಕಡೆ, ಪುದುಚೇರಿಯಿಂದ ಉತ್ತರಕ್ಕೆ ಹತ್ತು-ಹನ್ನೆರಡು ಕಿಲೋಮೀಟರ್, ಸಮುದ್ರಕ್ಕೆ ಹತ್ತಿರ. ವರ್ಷಕ್ಕೆ ಸುಮಾರು 1200 ಮಿ.ಮೀ. ಮಳೆ ಬಂದರೂ ಅದರ ದೊಡ್ಡ ಪಾಲು ಹಿಂಗಾರಿನದು, ನಮ್ಮ ಲೆಕ್ಕದಲ್ಲಿ ಚಿತ್ತೆ, ಸ್ವಾತಿ, ವಿಶಾಖೆ. ಅಕ್ಟೋಬರಿನಲ್ಲಿ ನೆಟ್ಟ ಸಸಿಗೆ ಬೇರಿಳಿಸಲು ಎರಡು-ಮೂರು ತಿಂಗಳು ತೇವ ಸಿಗುತ್ತದೆ. ಡಿಸೆಂಬರ್ ಕೊನೆಗೆ ನೆಟ್ಟದ್ದು ಜನವರಿಯಿಂದ ಶುರುವಾಗುವ ಒಣಗಾಲಕ್ಕೆ ಸಿಕ್ಕಿಬೀಳುತ್ತದೆ, ಮತ್ತೆ ನೀರು ಹೊತ್ತೇ ಬದುಕಿಸಬೇಕು. ಗಿಡ ನೆಡುವುದೇ ನಿಮ್ಮ ಆಸೆಯಾದರೆ ಅಕ್ಟೋಬರ್-ನವೆಂಬರಿನಲ್ಲಿ ರಜೆ ಮಾಡಿಕೊಳ್ಳಿ. ಅದು ಚಂಡಮಾರುತದ ಕಾಲವೂ ಹೌದು. 2011ರ ಡಿಸೆಂಬರ್ 30ರಂದು ಬಂದ ಥಾನೆ ಚಂಡಮಾರುತ ಅಲ್ಲಿ ದಶಕಗಳಿಂದ ಬೆಳೆದ ಮರಗಳನ್ನು ಲೆಕ್ಕವಿಲ್ಲದಷ್ಟು ಉರುಳಿಸಿತು.

ಹಾಗಂತ ಜೂನ್-ಜುಲೈ ವ್ಯರ್ಥವಲ್ಲ. ಸಿವಿಲ್ ಓದುವವರಿಗೆ ಅದೇ ಒಳ್ಳೆಯ ಕಾಲ ಅನ್ನುತ್ತೇನೆ, ಏಕೆಂದರೆ ಮಳೆ ಬರುವ ಮೊದಲು ಮುಗಿಯಬೇಕಾದ ಮಣ್ಣಿನ ಕೆಲಸವೆಲ್ಲ ಆಗ ನಡೆಯುತ್ತದೆ. 1968ರ ಫೆಬ್ರವರಿ 28ರಂದು ಆರೋವಿಲ್ ಶುರುವಾದಾಗ ಅಲ್ಲಿದ್ದದ್ದು ಕೊರಕಲು ಬಿದ್ದ ಕೆಂಪು ಬಯಲು. ಬೋಳು ನೆಲದ ಮೇಲೆ ಮಳೆ ಬಿದ್ದರೆ ಮೇಲ್ಪದರ ಗಾರೆಯಂತೆ ಗಟ್ಟಿಯಾಗಿ ನೀರು ಇಂಗದೆ ಸಮುದ್ರಕ್ಕೆ ಓಡುತ್ತಿತ್ತು. ಮೊದಲು ಬದು, ಆಮೇಲೆ ಮರ, ಇದನ್ನು ಅಲ್ಲಿಯವರು ಕಷ್ಟಪಟ್ಟು ಕಲಿತರು. 2003ರಲ್ಲಿ ಆರೋವಿಲ್‌ನ ಅಂಚಿನ 70 ಎಕರೆ ಬರಡು ನೆಲದಲ್ಲಿ ಅವಿರಾಮ್ ಮತ್ತು ಯೋರಿತ್ ರೋಜಿನ್ ದಂಪತಿ ಶುರುಮಾಡಿದ ಸಾಧನಾ ಫಾರೆಸ್ಟ್ ಕೂಡ ಅದೇ ದಾರಿ ಹಿಡಿಯಿತು. ಸ್ವಯಂಸೇವಕರನ್ನು ಹೆಚ್ಚಾಗಿ ತೆಗೆದುಕೊಳ್ಳುವ ಜಾಗ ಅದು. ಸಮತಟ್ಟು ಬದುವನ್ನು, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಹಾಕುವ ಮಣ್ಣಿನ ದಿಬ್ಬವನ್ನು, ಎರಡು ತಿಂಗಳಲ್ಲಿ ಪೂರ್ತಿ ಕಲಿಯಬಹುದು.

ಸಮತಟ್ಟಿನ ಗೆರೆ ಹಿಡಿಯಲು ದುಬಾರಿ ಉಪಕರಣ ಬೇಡ. ಏಳು ಅಡಿಯ ಎರಡು ಗಳು (ಉದ್ದನೆಯ ಕೋಲು), ನಾಲ್ಕು ಅಡಿಯ ಒಂದು ಅಡ್ಡಗಳು, ಹುರಿ, ಒಂದು ಕಲ್ಲು ಸಾಕು. ಗಳುಗಳ ತುದಿ ಕಟ್ಟಿ ಕಾಲುಗಳನ್ನು ಸುಮಾರು ಆರು ಅಡಿ ಅಗಲಿಸಿ, ನಡುವೆ ಅಡ್ಡಗಳು ಬಿಗಿದು, ತುದಿಯಿಂದ ಕಲ್ಲು ಇಳಿಬಿಡಿ. ಎರಡು ಕಾಲೂ ನೆಲ ಮುಟ್ಟಿದ ಕಡೆ ಗೂಟ ಹೊಡೆದು, ಹುರಿ ಅಡ್ಡಗಳುವನ್ನು ಎಲ್ಲಿ ದಾಟುತ್ತದೋ ಅಲ್ಲಿ ಗುರುತು ಹಾಕಿ. ಈಗ ಚೌಕಟ್ಟನ್ನು ತಿರುಗಿಸಿ, ಎಡಗಾಲನ್ನು ಬಲಗೂಟದ ಬಳಿ, ಬಲಗಾಲನ್ನು ಎಡಗೂಟದ ಬಳಿ ಇಟ್ಟು ಇನ್ನೊಂದು ಗುರುತು ಹಾಕಿ. ಎರಡು ಗುರುತಿನ ನಟ್ಟನಡುವೆಯೇ ಮಟ್ಟ. ಕಾಲುಗಳ ಉದ್ದದಲ್ಲಿ ವ್ಯತ್ಯಾಸವಿದ್ದರೂ ಹೀಗೆ ಮಾಡಿದರೆ ತಪ್ಪಾಗುವುದಿಲ್ಲ. ಒಂದು ಕಾಲು ಊರಿ ಇನ್ನೊಂದನ್ನು ಹುರಿ ನಡುಗುರುತಿಗೆ ಬರುವವರೆಗೆ ಮೇಲೆ ಕೆಳಗೆ ಸರಿಸುತ್ತಾ ಗೂಟ ಹೊಡೆಯುತ್ತಾ ಹೋಗಿ. ಗಾಳಿಯಿದ್ದರೆ ಕಲ್ಲು ತೂಗಾಡಿ ಮೋಸ ಮಾಡುತ್ತದೆ, ಬೆಳಗಿನ ಆರರಿಂದ ಎಂಟರೊಳಗೆ ಈ ಕೆಲಸ ಮುಗಿಸಿ.

ಗೂಟದ ಸಾಲಿನಲ್ಲಿ ಒಂದೂವರೆ ಅಡಿ ಆಳದ ಕಾಲುವೆ ತೋಡಿ, ಮಣ್ಣನ್ನು ಇಳಿಜಾರಿನ ಕೆಳಬದಿಗೆ ಹಾಕಬೇಕು. ಕಾಲುವೆಗೂ ಬದುವಿಗೂ ನಡುವೆ ಒಂದಡಿ ಜಾಗ ಬಿಡಿ, ಇಲ್ಲದಿದ್ದರೆ ಮೊದಲ ಮಳೆಗೇ ಮಣ್ಣು ವಾಪಸು ಜಾರುತ್ತದೆ. ಅರ್ಧ ಅಡಿಗೊಮ್ಮೆ ತುಳಿದು ಗಟ್ಟಿ ಮಾಡಿ. ತರಗೆಲೆ, ಬೇರು ಬದುವಿನೊಳಗೆ ಸೇರಬಾರದು. ಅವು ಕೊಳೆತ ಜಾಗ ಪೊಳ್ಳಾಗಿ, ನೀರು ಅಲ್ಲೇ ಸಂದು ಹುಡುಕಿಕೊಳ್ಳುತ್ತದೆ. ಹೆಚ್ಚು ಬದುಗಳು ಒಡೆಯುವುದು ಎರಡು ಕಾರಣಕ್ಕೆ. ಒಂದು, ಬದುವಿನ ನೆತ್ತಿ ಎಲ್ಲೋ ನಾಲ್ಕು ಬೆರಳು ತಗ್ಗಿರುತ್ತದೆ, ಸಾಲಿನ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ. ಎರಡು, ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ, ಬಿಟ್ಟಿರುವುದಿಲ್ಲ. ನೆತ್ತಿಗಿಂತ ಅರ್ಧ ಅಡಿ ತಗ್ಗಿನಲ್ಲಿ ಕೋಡಿ ಬಿಟ್ಟು ಕಲ್ಲು ಹಾಸಲೇಬೇಕು. ಹಿಂಗಾರಿನಲ್ಲಿ ಮಳೆ ಜಿಟಿಜಿಟಿ ಹಿಡಿಯುವುದಕ್ಕಿಂತ ಒಮ್ಮೆಲೇ ಸುರಿಯುವುದೇ ಹೆಚ್ಚು.

ಇನ್ನು ಇಂಟರ್ನ್‌ಶಿಪ್. ನಿಮ್ಮ ಓದಿಗೆ ಹತ್ತಿರದ್ದು ಆರೋವಿಲ್ ಅರ್ಥ್ ಇನ್‌ಸ್ಟಿಟ್ಯೂಟ್, ಸಿಮೆಂಟ್ ಸೇರಿಸಿ ಒತ್ತಿದ ಮಣ್ಣಿನ ಇಟ್ಟಿಗೆಗೆ ಹೆಸರಾದ ಸಂಸ್ಥೆ. ಸುಡುವುದಿಲ್ಲ, ಹಾಗಾಗಿ ಸೌದೆ ಬೇಡ. ಸಾಮಾನ್ಯವಾಗಿ ಸಿಮೆಂಟ್ ತೂಕದಲ್ಲಿ ಶೇ. 5. ಹೋಗುವ ಮೊದಲೇ ಮನೆಯಲ್ಲಿ ಎರಡು ಪರೀಕ್ಷೆ ಮಾಡಿ ನೋಡಿ. ಗಾಜಿನ ಬಾಟಲಿಯ ಕಾಲುಭಾಗ ಮಣ್ಣು, ಉಳಿದದ್ದು ನೀರು ಹಾಕಿ ಕುಲುಕಿ ಇಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ, ನಯಮಣ್ಣು ಅರ್ಧ ಗಂಟೆಗೆ, ಜೇಡಿ ಮರುದಿನಕ್ಕೆ. ಪದರಗಳನ್ನು ಅಳೆದರೆ ಮಣ್ಣಿನ ಜಾತಕ ಸಿಗುತ್ತದೆ. ಸುಮಾರು ಅರ್ಧ ಪಾಲು ಮರಳು, ಐದನೇ ಒಂದು ಪಾಲು ಜೇಡಿ ಇದ್ದರೆ ಈ ಇಟ್ಟಿಗೆಗೆ ಒಗ್ಗುತ್ತದೆ. ಇನ್ನೊಂದು ತೇವದ ಪರೀಕ್ಷೆ. ಹದ ಮಾಡಿದ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ನಾಲ್ಕೈದು ಹೋಳಾದರೆ ಹದ ಸರಿ, ಚಪ್ಪಟೆಯಾಗಿ ಕೂತರೆ ನೀರು ಹೆಚ್ಚು, ಪುಡಿಯಾದರೆ ಕಡಿಮೆ. ಸಿಮೆಂಟ್ ಕಲಸಿದ ಮೇಲೆ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಆಮೇಲೆ ಪ್ಲಾಸ್ಟಿಕ್ ಹೊದಿಸಿ ಎರಡು ದಿನ, ನಂತರ ನಾಲ್ಕು ವಾರ ಒಣಗಲು ಬಿಡದೆ ನೀರು ಹಾಕಬೇಕು. ಇಟ್ಟಿಗೆ ಅಂಚು ಉದುರುವುದು ಬಹುಮಟ್ಟಿಗೆ ಈ ನಾಲ್ಕು ವಾರದ ಸೋಮಾರಿತನದಿಂದ. ಅದಕ್ಕೇ ಹದಿನೈದು ದಿನದ ಇಂಟರ್ನ್‌ಶಿಪ್ ಕೇಳಬೇಡಿ, ನೀವು ಒತ್ತಿದ ಇಟ್ಟಿಗೆ ಗಟ್ಟಿಯಾಯಿತೋ ಇಲ್ಲವೋ ನೋಡದೆಯೇ ಬಸ್ ಹತ್ತುತ್ತೀರಿ.

ಅರ್ಜಿ ಹಾಕಲು ಸಾವಿ ಎಂಬ ಕಚೇರಿ ಇದೆ, ಆರೋವಿಲ್‌ನ ಬೇರೆ ಬೇರೆ ಘಟಕಗಳಿಗೆ ಸ್ವಯಂಸೇವಕರನ್ನೂ ಇಂಟರ್ನ್‌ಗಳನ್ನೂ ಜೋಡಿಸುವುದು ಅವರ ಕೆಲಸ. ಸಾಧನಾ ಫಾರೆಸ್ಟ್‌ಗೆ ನೇರವಾಗಿ ಬರೆಯಬೇಕು. ಕನಿಷ್ಠ ಅವಧಿ, ಊಟದ ಖರ್ಚು ಆಗಾಗ ಬದಲಾಗುತ್ತವೆ, ಅವರ ಪುಟದಲ್ಲಿ ಇವತ್ತಿನದನ್ನೇ ನೋಡಿ. ಪತ್ರದಲ್ಲಿ ಪ್ರಕೃತಿ ಪ್ರೇಮದ ಪ್ಯಾರಾ ಬೇಡ. ಬರುವ-ಹೋಗುವ ತಾರೀಖು, ಲೆವೆಲ್ ಸರ್ವೆ ಬರುತ್ತದೆಯೇ, ಆಟೋಕ್ಯಾಡ್ ಬರುತ್ತದೆಯೇ, ಕಾಲೇಜಿಗೆ ಯಾವ ಕಾಗದ ಯಾವಾಗ ಬೇಕು, ಇಷ್ಟು ಬರೆಯಿರಿ. ಸರ್ಟಿಫಿಕೇಟ್ ಮಾತು ಮೊದಲ ಪತ್ರದಲ್ಲೇ ಬಂದುಬಿಡಲಿ, ಕೊನೆಯ ದಿನ ಕೇಳಿದರೆ ಇಬ್ಬರಿಗೂ ಮುಜುಗರ.

ದಿನಚರಿಗೆ ಮನಸ್ಸು ಸಿದ್ಧವಿರಲಿ. ಸಾಧನಾದಲ್ಲಿ ಊಟ ಪೂರ್ತಿ ಸಸ್ಯಮೂಲದ್ದು, ಹಾಲು, ಮೊಸರು, ತುಪ್ಪ ಇಲ್ಲ. ಮೊಸರನ್ನವಿಲ್ಲದೆ ಊಟ ಮುಗಿಯದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಗರೇಟ್, ಮದ್ಯ ಇಲ್ಲ. ಸ್ನಾನದ ನೀರು ಗಿಡಕ್ಕೆ ಹೋಗುವುದರಿಂದ ಸಾಧಾರಣ ಶಾಂಪೂ, ಸೋಪು ನಡೆಯುವುದಿಲ್ಲ. ಒಣ ಶೌಚಾಲಯದಲ್ಲಿ ಮೂತ್ರ ಬೇರೆ, ಮಲ ಬೇರೆ, ತೊಳೆಯುವ ನೀರೂ ಬೇರೆ. ಪ್ರತಿ ಸಲ ಮರದ ಹೊಟ್ಟು ಹಾಕಬೇಕು. ಒಳಗೆ ನೀರು ಬಿದ್ದರೆ ಗಾಳಿಯಾಡದೆ ವಾಸನೆ, ನೊಣ ಎರಡೂ ಶುರು. ವಾಸನೆ ಬಂದರೆ ಫಿನಾಯಿಲ್ ಸುರಿಯಬೇಡಿ, ಕೊಳೆಸುವ ಜೀವಾಣುಗಳೇ ಸಾಯುತ್ತವೆ. ಇನ್ನೆರಡು ಹಿಡಿ ಹೊಟ್ಟು ಹಾಕಿ.

ತುಂಬುತೋಳಿನ ಹತ್ತಿ ಬಟ್ಟೆ, ಮುಚ್ಚಿದ ಶೂ, ತಲೆಗೆ ಕಟ್ಟುವ ಟಾರ್ಚ್, ಸೊಳ್ಳೆಪರದೆ, ಓಆರ್‌ಎಸ್ ಇಟ್ಟುಕೊಳ್ಳಿ, ಟಿಟಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಬೆಳಿಗ್ಗೆ ಶೂ ಕೊಡವದೆ ಕಾಲು ಹಾಕಬೇಡಿ, ಚೇಳು ಇರುತ್ತವೆ. ಸುತ್ತಲ ಹಳ್ಳಿಗಳ ತಮಿಳರ ಜೊತೆ ಕೆಲಸ ಮಾಡುವಾಗ ಭಾಷೆ ನಿಮಗೆ ಅಷ್ಟು ದೂರವಲ್ಲ: ಮಣ್ಣು, ಮರ, ಕಲ್ಲು ಹೆಚ್ಚುಕಡಿಮೆ ಅವೇ, ಗುದ್ದಲಿಗೆ ಮಣ್ವೆಟ್ಟಿ, ಹಾರೆಗೆ ಕಡಪ್ಪಾರೈ. ಬದು ಎಲ್ಲಿ ಒಡೆಯುತ್ತದೆ ಎಂದು ಅವರು ನೋಡಿಯೇ ಹೇಳುತ್ತಾರೆ, ಕೇಳಿ ಬರೆದುಕೊಳ್ಳಿ.

ಬೆಂಗಳೂರಿನಿಂದ ಪುದುಚೇರಿಗೆ 300 ಕಿ.ಮೀ. ಚಿಲ್ಲರೆ, ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ತಲುಪುತ್ತೀರಿ. ಒಳಗೆ ಓಡಾಡಲು ಬಾಡಿಗೆ ಸೈಕಲ್ ಸಾಕು, ಟೈರಿಗೆ ಗಾಳಿ ಚೆನ್ನಾಗಿ ತುಂಬಿಸಿಕೊಳ್ಳಿ, ಕೆಂಪು ಮಣ್ಣಿನ ದಾರಿಯಲ್ಲಿ ಮುಳ್ಳು ಬಹಳ.