ಪುಟ್ಟ ತರಬೇತಿ ವಿಮಾನ ಸೆಸ್ನಾದ ಟ್ರಿಮ್ ಕೈಗೆ ಕೂತಿದ್ದರೆ ಜೆಟ್‌ನಲ್ಲೂ ಅದೇ ಸಾಕಲ್ವಾ?

ಸಾಕಾಗಲ್ಲ. ಟ್ರಿಮ್ ಅಂದರೆ ಯೋಕ್ (ಮೂಗು ಏರಿಸಿಳಿಸುವ ಹಿಡಿ) ಒತ್ತಿ ಹಿಡಿದೇ ಇರದೆ ಮೂಗು ಬೇಕಾದಲ್ಲಿ ನಿಲ್ಲುವಂತೆ ಮಾಡುವ ವ್ಯವಸ್ಥೆ. 737 ಜೆಟ್‌ನ ಸಿಮ್ಯುಲೇಟರ್ ಹತ್ತುವ ಹಿಂದಿನ ರಾತ್ರಿ ನಾನೂ ರೂಮ್‌ಮೇಟ್ ಹತ್ತಿರ ಇದನ್ನೇ ಹೇಳಿದ್ದೆ: "ಅದೇ ಟ್ರಿಮ್ ಕಣೋ, ಸೈಜು ದೊಡ್ಡದು ಅಷ್ಟೇ."

ಸೆಸ್ನಾ 172ರಲ್ಲಿ ನನಗೊಂದು ಸೋಮಾರಿ ಚಟ ಇತ್ತು. ಮೂಗು ಏರಿಸಲು, ಇಳಿಸಲು ಯೋಕ್ ಮುಟ್ಟದೆ ಟ್ರಿಮ್ ಚಕ್ರವನ್ನೇ ತಿರುಗಿಸುತ್ತಿದ್ದೆ. ಬೈಸಿಕೊಂಡರೂ ಬಿಡಲಿಲ್ಲ, ಯಾಕೆಂದರೆ ಆ ವಿಮಾನ ಎಲ್ಲವನ್ನೂ ಕ್ಷಮಿಸುತ್ತೆ. ಅಲ್ಲಿ ಟ್ರಿಮ್ ಅಂದರೆ ಬಲಗಡೆ ಎಲಿವೇಟರ್ (ಮೂಗು ಏರಿಸಿಳಿಸುವ ಬಾಲದ ಫಲಕ) ಅಂಚಿನ ಒಂದು ಪುಟ್ಟ ಪಟ್ಟಿ. ಅದು ತಪ್ಪಾದರೆ ತೋಳು ನೋಯುತ್ತೆ, ಆದರೆ ತೋಳೇ ಗೆಲ್ಲುತ್ತೆ.

ಜೆಟ್‌ನಲ್ಲಿ ಬಾಲದ ಅಡ್ಡ ರೆಕ್ಕೆ, ಅಂದರೆ ಸ್ಟೆಬಿಲೈಜರ್, ಪೂರ್ತಿಯಾಗಿ ಒಂದು ದಪ್ಪ ಸ್ಕ್ರೂ ಮೇಲೆ ವಾಲುತ್ತೆ. ವೇಗ, ಇಂಧನ, ಪ್ರಯಾಣಿಕರ ಭಾರ ಎಲ್ಲ ಅಷ್ಟು ಬದಲಾಗುವಾಗ ಪುಟ್ಟ ಪಟ್ಟಿ ಸಾಲದು. ಎಲಿವೇಟರನ್ನೇ ಬಾಗಿಸಿಟ್ಟುಕೊಂಡು ಹಾರಿದರೆ ಗಾಳಿಯ ಎಳೆತ ಜಾಸ್ತಿ.

ಈಗ ನನ್ನ ತಪ್ಪು. ಬಲಗಡೆ ಸೀಟು, ಇಳಿಯಲು ಬರ್ತಾ ಇದ್ದೀನಿ, ಥ್ರಸ್ಟ್, ಅಂದರೆ ಎಂಜಿನ್‌ನ ನೂಕುಬಲ, ಸ್ವಲ್ಪ ಕಡಿಮೆ. ವೇಗ ಕರಗುತ್ತಿದೆ, ಮೂಗು ಬೀಳುತ್ತಿದೆ. ಥ್ರಸ್ಟ್ ಕೊಡಬೇಕಿತ್ತು. ನಾನು ಬಲ ಹೆಬ್ಬೆರಳಿಂದ ಯೋಕ್ ಮೇಲಿನ ಟ್ರಿಮ್ ಸ್ವಿಚ್ ಒತ್ತಿದೆ, ಮೂಗು ನಿಂತಿತು. ಮತ್ತೆ ಬಿತ್ತು, ಮತ್ತೆ ಒತ್ತಿದೆ. ಮೊಣಕಾಲ ಪಕ್ಕದಲ್ಲಿ ಟ್ರಿಮ್ ಚಕ್ರ ಗರಗರ ಅಂತ ತಿರುಗುತ್ತಿದ್ದರೂ ಕಿವಿಗೆ ಬೀಳಲಿಲ್ಲ. ಒಂದೊಂದು ಒತ್ತಿಗೂ ಇಡೀ ಬಾಲ ಮೂಗೆತ್ತುವ ಕಡೆಗೆ ವಾಲುತ್ತಿತ್ತು. ಆಗ ಇನ್‌ಸ್ಟ್ರಕ್ಟರ್ ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರು) ಅಂದರು. ಪೂರ್ತಿ ಥ್ರಸ್ಟ್ ಕೊಟ್ಟೆ. ಎಂಜಿನ್‌ಗಳು ರೆಕ್ಕೆಯ ಕೆಳಗಿವೆ, ಅವೂ ಮೂಗನ್ನು ಮೇಲಕ್ಕೇ ತಳ್ಳುತ್ತವೆ! ಎರಡೂ ಕೈಯಿಂದ ಯೋಕ್ ಮುಂದಕ್ಕೆ ಒತ್ತಿದರೂ ಮೂಗು ಏರುತ್ತಲೇ ಹೋಯಿತು. ಎಲಿವೇಟರ್ ಬಾಗುವಷ್ಟು ಬಾಗಿ ಮುಗಿದಿತ್ತು. ಇನ್‌ಸ್ಟ್ರಕ್ಟರ್ ಸಿಮ್ಯುಲೇಟರ್ ನಿಲ್ಲಿಸಿ, "ಹೆಬ್ಬೆರಳು ಎಲ್ಲಿ ಹೋಗಿತ್ತು?" ಅಂದರು.

ಉತ್ಪ್ರೇಕ್ಷೆ ಅನ್ನಿಸಿದರೆ 2007ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಆದದ್ದನ್ನು ಓದಿ. 737-300. ಅಲ್ಲಿ ಹಾಗೆ ಟ್ರಿಮ್ ಮಾಡಿದ್ದು ಆಟೋಪೈಲಟ್. ಗೋ-ಅರೌಂಡ್‌ನಲ್ಲಿ ಮೂಗು 44 ಡಿಗ್ರಿ ಏರಿ, ವೇಗ 82 ನಾಟ್‌ಗೆ (ಗಂಟೆಗೆ ಸುಮಾರು 150 ಕಿ.ಮೀ.) ಇಳಿದಿತ್ತು. ಪುಣ್ಯಕ್ಕೆ ಎಲ್ಲರೂ ಕ್ಷೇಮವಾಗಿ ಇಳಿದರು.

ಏರ್‌ಬಸ್‌ಗೆ ಹೋದರೆ ನಿಮ್ಮ ಪ್ರಶ್ನೆಗೇ ಅರ್ಥ ಇಲ್ಲ. ಎ320ಯಲ್ಲಿ ಮಾಮೂಲಿ ಹಾರಾಟದಲ್ಲಿ ಚಕ್ರ ತಾನಾಗೇ ತಿರುಗುತ್ತೆ. ಕಂಪ್ಯೂಟರ್‌ಗಳು ಸೋತು ಡೈರೆಕ್ಟ್ ಲಾಗೆ (ತಾನಾಗೇ ಟ್ರಿಮ್ ಆಗದ ಸ್ಥಿತಿಗೆ) ಬಂದಾಗ ಅದು ನಿಮ್ಮ ಕೈಗೆ.

ಹಾಗಾಗಿ ಸೆಸ್ನಾದಲ್ಲಿ "ಟ್ರಿಮ್ ಚೆನ್ನಾಗಿ ಬರುತ್ತೆ" ಅನ್ನೋದನ್ನು ನಾನು ನಂಬಲ್ಲ. ನಾಳೆ ಹಾರುವಾಗ ಮೊದಲು ಯೋಕ್‌ನಿಂದ ಮೂಗು ಕೂರಿಸಿ, ವೇಗ ನಿಲ್ಲಲಿ, ಆಮೇಲೆ ಚಕ್ರ ಮುಟ್ಟಿ, ಕೈಯ ಭಾರ ಇಳಿಸೋಕೆ ಮಾತ್ರ. 737ಗೆ ಬಂದ ಮೇಲೆ ಗೋ-ಅರೌಂಡ್‌ನಲ್ಲಿ ಯೋಕ್ ಒತ್ತುವಾಗಲೇ ಹೆಬ್ಬೆರಳಿಂದ ಟ್ರಿಮ್ ಕೂಡ ಮುಂದಕ್ಕೆ. ಅಷ್ಟಕ್ಕೂ ಮೂಗು ಬಗ್ಗದಿದ್ದರೆ ಥ್ರಸ್ಟ್ ಸ್ವಲ್ಪ ಇಳಿಸಿ. ಕೈ ಒಪ್ಪಲ್ಲ, ಗೊತ್ತು. ನನ್ನ ಕೈ ಒಪ್ಪೋಕೆ ನಾಲ್ಕು ಸೆಷನ್ ಹಿಡಿಯಿತು.