12 ಬಿಟ್ಟು 11.0592 ಏಕೆ?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ವಿದ್ಯಾರ್ಥಿ. ಬ್ರೆಡ್‌ಬೋರ್ಡಿನ ಮೇಲೆ ಎಟಿ89ಎಸ್52 ಮೈಕ್ರೊಕಂಟ್ರೋಲರಿಗೆ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದ್ದೇನೆ. ಎಲ್‌ಇಡಿ ಸರಿಯಾಗಿ ಮಿನುಗುತ್ತದೆ. ಆದರೆ ಟೈಮರ್ 1 ಬಳಸಿ 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ ಅಕ್ಷರಗಳನ್ನು ಕಳುಹಿಸಿದರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಕ್ರಿಸ್ಟಲ್ ಕೆಟ್ಟಿದೆಯೇ? ಯಾವುದನ್ನು ಕೊಳ್ಳಬೇಕು?
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಕ್ರಿಸ್ಟಲ್ ಕೆಟ್ಟಿಲ್ಲ, ತೊಂದರೆ ಇರುವುದು ಭಾಗಾಕಾರದಲ್ಲಿ. ಅಕ್ಷರ ಕಳುಹಿಸುವ ವೇಗವನ್ನು ಪಡೆಯಲು ಈ ಚಿಪ್ ಕ್ರಿಸ್ಟಲಿನ ಕಂಪನವನ್ನು ಮೊದಲು 12ರಿಂದಲೂ ಬಳಿಕ 32ರಿಂದಲೂ ಭಾಗಿಸಿ, ಬಂದದ್ದನ್ನು ಟೈಮರ್ 1 ಎಣಿಸುವ ಪೂರ್ಣಾಂಕದಿಂದ ಮತ್ತೆ ಭಾಗಿಸುತ್ತದೆ. 12 ಮೆಗಾಹರ್ಟ್ಸ್‌ಗೆ 31,250 ಸಿಗುತ್ತದೆ. ಅದನ್ನು 3ರಿಂದ ಭಾಗಿಸಿದರೆ ಸುಮಾರು 10,417 ಬರುತ್ತದೆ, ಅಂದರೆ ಬೇಕಾದ ವೇಗಕ್ಕಿಂತ ಶೇ. 8.5ರಷ್ಟು ಹೆಚ್ಚು. ಒಂದು ಅಕ್ಷರಕ್ಕೆ ಹತ್ತು ಬಿಟ್‌ಗಳಿದ್ದು, ಕಂಪ್ಯೂಟರ್ ಮೊದಲ ಬಿಟ್‌ನಿಂದ ಕಾಲವನ್ನು ಎಣಿಸುತ್ತಾ ಹೋಗುವುದರಿಂದ, ಈ ವ್ಯತ್ಯಾಸ ಬಿಟ್‌ನಿಂದ ಬಿಟ್‌ಗೆ ಕೂಡುತ್ತಾ ಬಂದು ಕೊನೆಯ ಹೊತ್ತಿಗೆ ಅದು ಪಕ್ಕದ ಬಿಟ್‌ ಅನ್ನು ಓದಿಬಿಡುತ್ತದೆ. ಎಲ್‌ಇಡಿಗೆ ಈ ಲೆಕ್ಕವೇ ಇಲ್ಲ.

11.0592 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದರೆ ಅದೇ ಭಾಗಾಕಾರದಲ್ಲಿ 28,800 ಬಂದು, 3ರಿಂದ ಭಾಗಿಸಿದಾಗ ಸರಿಯಾಗಿ 9600 ಸಿಗುತ್ತದೆ. ನೋಡಲು ವಿಚಿತ್ರವಾದ ಈ ಸಂಖ್ಯೆಯನ್ನು ಆರಿಸಿಕೊಳ್ಳುವುದು ಇದಕ್ಕಾಗಿಯೇ. ಕಲಿಯುವವರು ಇದನ್ನೇ ಕೊಳ್ಳಲಿ ಎಂಬುದು ನನ್ನ ಸಲಹೆ. ಈಗಲೇ ಕೊಳ್ಳಲಾಗದಿದ್ದರೆ, ನಿಮ್ಮ ಚಿಪ್‌ನಲ್ಲಿರುವ ಟೈಮರ್ 2 ಬಳಸಿ. ಅಲ್ಲಿ 12ರ ಭಾಗಾಕಾರ ಇಲ್ಲದ ಕಾರಣ 3,75,000ವನ್ನು 39ರಿಂದ ಭಾಗಿಸಿ 9615 ಪಡೆಯಬಹುದು, ಅಷ್ಟು ವ್ಯತ್ಯಾಸ ಬಾಧಿಸುವುದಿಲ್ಲ.

ಕ್ರಿಸ್ಟಲಿನ ಎರಡೂ ಕಾಲುಗಳಿಂದ ಗ್ರೌಂಡಿಗೆ ತಲಾ ಒಂದು 33 ಪಿಕೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇರಲಿ. ಕೊಳ್ಳುವಾಗ ಮೇಲಿನ ಅಚ್ಚನ್ನು ಬೆಳಕಿಗೆ ಹಿಡಿದು ಓದಿ: 104 ಎಂದು ಅಚ್ಚಾಗಿರುವ ಬಿಲ್ಲೆಯೂ ನೋಡಲು ಹಾಗೆಯೇ ಇರುತ್ತದೆ, ಆದರೆ ಅದರ ಮೌಲ್ಯ 0.1 ಮೈಕ್ರೊಫ್ಯಾರಡ್; ಅದನ್ನು ಹಾಕಿದರೆ ಆಂದೋಲನವೇ ಶುರುವಾಗುವುದಿಲ್ಲ. 18 ಮತ್ತು 19ನೆಯ ಪಿನ್‌ಗಳು ಕ್ರಿಸ್ಟಲಿನವು, ಪಕ್ಕದ 20 ಗ್ರೌಂಡ್. ಆದ್ದರಿಂದ ಉದ್ದದ ತಂತಿ ಬೇಕಿಲ್ಲ, ಕಾಲುಗಳನ್ನು ಕತ್ತರಿಸಿ ಚಿಪ್‌ಗೆ ಒತ್ತಿಯೇ ಕೂರಿಸಿ.

ಕ್ರಿಸ್ಟಲಿನ ಬದಲು ಬಳಸಬಹುದಾದ ಮೂರು ಕಾಲಿನ ಸೆರಾಮಿಕ್ ರೆಸೊನೇಟರಿನಲ್ಲಿ ಕೆಪಾಸಿಟರ್‌ಗಳು ಒಳಗೇ ಇರುತ್ತವೆ. ಅದರ ವ್ಯತ್ಯಾಸ ಶೇ. 0.5ರಷ್ಟಿದ್ದರೂ ಸೀರಿಯಲ್ ಸಂವಹನಕ್ಕೆ ಸಾಕು, ಗಡಿಯಾರಕ್ಕೆ ಸಾಲದು: ದಿನಕ್ಕೆ ಏಳು ನಿಮಿಷ ತಪ್ಪಬಹುದು. ಮುಂದೆ ಗಡಿಯಾರ ಮಾಡುವ ಮನಸ್ಸಿದ್ದರೆ 32.768 ಕಿಲೊಹರ್ಟ್ಸ್ ಕ್ರಿಸ್ಟಲನ್ನು ಡಿಎಸ್1307 ಎಂಬ ಗಡಿಯಾರದ ಚಿಪ್‌ನೊಂದಿಗೆ ಬಳಸಿ. ಅದಕ್ಕೆ ಹೊರಗಿನ ಕೆಪಾಸಿಟರ್ ಬೇಕಾಗುವುದಿಲ್ಲ.